ನನ್ನ ತಂಗಿಯ ಮನೆ ಸ್ಕೀಮಿನಲ್ಲಿದೆ

ಹೊಸ ರಸ್ತೆ ಕಚೇರಿಯ ದೊಡ್ಡ ಸಾಹೇಬರಿಗೆ,

ಮಾನ್ಯರೇ, ಕಮಲಾಪುರದಲ್ಲಿರುವ ನನ್ನ ತಂಗಿ ಸೂಗಮ್ಮನ ಮನೆಯನ್ನು ತಾವು ಕೆಡವುತ್ತೀರೋ, ಇಲ್ಲವೋ? ಆ ಮನೆಯ ಒಳಕೋಣೆಯಲ್ಲಿ ಅವಳ ಮಗಳು ಲಲಿತಾಬಾಯಿ ಹಸಿ ಬಾಣಂತಿ, ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಾಳೆ. ತಮ್ಮ ಕಚೇರಿಯಲ್ಲಿ ಕೇಳಿದರೆ 'ಸ್ಕೀಮ್' ಎನ್ನುತ್ತಾರೆ. ಅದು ಹೌದು ಎಂದೇ, ಇಲ್ಲ ಎಂದೇ? ಇದು ತಿಳಿಯದೆ ನಮ್ಮ ಮನೆಯಲ್ಲಿ ಯಾರಿಗೂ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ.

ನಿಜಾಮ ಸರ್ಕಾರದ ಮಾತುಗಳಿಗೆ ಹೊಂದಿಕೊಂಡು ಬಾಳಿದ ಜನ ನಾವು. ಹುಕುಂ ಎಂದರೆ ತಲೆ ತಗ್ಗಿಸಬೇಕು. ತಜವೀಜು ಎಂದರೆ ಇನ್ನೂ ಯೋಚನೆ ನಡೆದಿದೆ, ಅಷ್ಟರಲ್ಲಿ ಯಾರಾದರೂ ಹಿರಿಯರ ಕೈಕಾಲು ಹಿಡಿದು ಅರ್ಜಿ ಹಾಕಬಹುದು. ಇಷ್ಟು ಉರ್ದು ನಮ್ಮ ಹೆಣ್ಣುಮಕ್ಕಳಿಗೂ ಗೊತ್ತು. ತಾವು ದಯಮಾಡಿಸಿದ ಮೇಲೆ ಪ್ಲ್ಯಾನ್, ಸ್ಕೀಮ್, ಪ್ರೋಗ್ರಾಮ್ ಎಂಬ ಹೊಸ ದೊರೆಗಳು ಬಂದಿದ್ದಾರೆ. ಇವರ ಮುಖವನ್ನು ಯಾರೂ ಕಂಡಿಲ್ಲ. ಅರ್ಜಿಯನ್ನು ಯಾರ ಮುಂದೆ ಹಿಡಿಯೋಣ? ಮಹಾಗಾಂವದ ದಾರಿಯಲ್ಲಿ ಹೋದ ಬೇಸಗೆಯಲ್ಲಿ ತಮ್ಮವರು 'ಇದು ಬರೇ ಪ್ಲ್ಯಾನ್' ಎಂದು ಹೇಳಿ ಹೋಗಿದ್ದರು. ಆಮೇಲೊಂದು ಮುಂಜಾನೆ ಗುದ್ದಲಿಯವರು ಬಂದರು. ಹಂಚು ಒಲೆಯ ಮೇಲಿರುವಾಗಲೇ ಅಲ್ಲಿಯವರ ಮನೆಗಳ ಗೋಡೆ ಬಿತ್ತು. ಅಂದಿನಿಂದ ಪ್ಲ್ಯಾನ್ ಎಂಬ ಮಾತು ಕಿವಿಗೆ ಬಿದ್ದರೆ ಜನ ಪಾತ್ರೆ ಗಂಟು ಕಟ್ಟತೊಡಗುತ್ತಾರೆ. ಐವಾನ್-ಎ-ಶಾಹಿ ಅತಿಥಿಗೃಹದ ಕಡೆ ಇರುವ ತಮ್ಮ ಬಂಗಲೆಯ ಕಂಪೌಂಡು ಅರ್ಧ ರಸ್ತೆ ನುಂಗಿ ಕೂತಿದೆ. ಅದರ ಮೇಲೆ ಮಾತ್ರ ಕೆಡವುವ ಮನೆಗಳಿಗೆ ತಮ್ಮವರು ಹಾಕುವ ಗುರುತು ನನಗೆ ಕಾಣಲಿಲ್ಲ. ಇಂಗ್ಲಿಷು ಮಣ್ಣಿನ ಗೋಡೆಗಳಿಗಷ್ಟೇ ಹತ್ತುತ್ತದೆಯೇ?

ನಡೆದದ್ದನ್ನು ಹೇಳುತ್ತೇನೆ. ತಮ್ಮ ಅಳತೆಯವರು ಸೂಗಮ್ಮನ ಗೋಡೆಗೆ ಸುಣ್ಣದಲ್ಲಿ ಒಂದು ದುಂಡನೆಯ ಸುತ್ತು ಬರೆದು, ಅದರ ನಡುವೆ ಗೆರೆ ಎಳೆದು ಹೋದರು. ಅದು ಏನು, ಏಕೆ ಎಂದು ಹೇಳುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಮೊಮ್ಮಗನಿಗೆ ಹೆಸರಿಡುವ ದಿನ ಬಂತು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸುವುದು ನಮ್ಮವರ ಪದ್ಧತಿ. ಅವಳು ಸಾರಿಸಿದಳು, ಗುರುತು ಮುಚ್ಚಿಹೋಯಿತು. ಮರುದಿನ ತಮ್ಮ ಚಪರಾಶಿ ಬಂದು, "ಸರ್ಕಾರಿ ನಿಶಾನಿ ಅಳಸೀದಿ? ಜೈಲಿಗಿ ಹೋಗ್ತಿ ನೋಡು" ಎಂದು ಗದರಿಸಿ ಹೋದ. ತಂಗಿ ಸುಣ್ಣ ಕಲಸಿ, ನೆನಪಿದ್ದಂತೆ ಗುರುತನ್ನು ತಾನೇ ಮತ್ತೆ ಬರೆದಳು. ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಗಾಬರಿಯಾಗಿ ಬಾಗಿಲಿನ ಎರಡೂ ಕಡೆ ಬರೆದಳು. ಎದುರು ಮನೆಯ ಯಮನಮ್ಮ ಇದನ್ನು ನೋಡಿ, "ನಿಶಾನಿ ಇಲ್ಲದವರ್ನ ಹಿಡಕೊಂಡ ಹೋಗ್ತಾರಂತಲ್ಲವ್ವಾ, ನಮ್ಮ ಗ್ವಾಡಿಗೂ ಒಂದ್ ಬರಿ" ಎಂದಳು. ಸಂಜೆಯೊಳಗೆ ಓಣಿಯ ಎಲ್ಲ ಗೋಡೆಗಳ ಮೇಲೂ ತಮ್ಮ ಗುರುತು! ಕೆಲವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದಿದ್ದಾರೆ. ಇಷ್ಟು ಭಕ್ತಿ ತಮ್ಮ ಇಲಾಖೆಗೆ ಇನ್ನೆಲ್ಲಿ ಸಿಕ್ಕೀತು?

ನಗುವ ಹಾಗಿಲ್ಲ. ಅಳತೆಯವರು ಮತ್ತೆ ಬಂದು ಅಷ್ಟನ್ನೂ ಬರೆದುಕೊಂಡು ಹೋದರು. ಸುದ್ದಿ ತಿಳಿದು ನಾನು ಕಲಬುರ್ಗಿಯಲ್ಲಿರುವ ತಮ್ಮ ಕಚೇರಿಗೆ ಓಡಿದೆ. ಮುನ್ಷಿಯವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಸ್ಕೀಮ್ ದೊಡ್ಡದಾಗ್ಯದ ರೀ. ಈಗ ಇಡೀ ಓಣಿ ಪ್ಲ್ಯಾನ್‌ದಾಗ ಬಂದದ" ಎಂದರು.

"ಹೆಣ್ಣಮಕ್ಕಳು ಅಂಜಿ ತಾವೇ ಬರಕೊಂಡಾರ ರೀ ಸಾಹೇಬ್ರ!"

"ಇರಬಹುದು. ಪ್ಲ್ಯಾನ್ ಹೈದರಾಬಾದಿಗಿ ಹೋಗ್ಯದಲ್ಲ."

"ಮನಿ ಬೀಳ್ತಾವೋ, ಇರ್ತಾವೋ? ಅಷ್ಟರೆ ಹೇಳ್ರಿ."

"ಪ್ರೋಗ್ರಾಮ್ ಬಂದ ಮ್ಯಾಲ ತಿಳೀತದ."

ಕಾಲು ಎಳೆದುಕೊಂಡು ಮನೆಗೆ ಬಂದೆ. ಹೆಂಡತಿ ಕಸ್ತೂರಿಬಾಯಿಗೆ ಎಲ್ಲ ಹೇಳಿ ಸ್ನಾನಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವಳು ಸುಣ್ಣದ ಬಟ್ಟಲು ಹಿಡಿದು ನಮ್ಮ ಬಾಗಿಲ ಮುಂದೆ ನಿಂತಿದ್ದಳು. "ನಾಳಿ ಇಲ್ಲಿಗೂ ಬರ್ತಾರ ರೀ. ನಿಶಾನಿ ಇಲ್ಲಂತ ನಿಮ್ಮನ್ನ ಒಯ್ದರ ನಾ ಏನ್ ಮಾಡ್ಲಿ?" ಎಂದಳು. ತಮ್ಮಂಥವರಿಗೆ ಪತ್ರ ಬರೆಯುವ ಧೀರನಾದ ನಾನು ಅವಳ ಕೈ ಹಿಡಿದು ತಡೆಯಬೇಕಿತ್ತು. ತಡೆಯಲಿಲ್ಲ. ನನಗೂ ಭಯವಾಗಿತ್ತು.

ಆದ್ದರಿಂದ ಸಾಹೇಬರೇ, ಹೈದರಾಬಾದಿಗೆ ಹೋದದ್ದನ್ನು ಹಿಂದಕ್ಕೆ ತರಿಸಿರಿ. ಯಾವ ಮನೆ ಬೀಳುತ್ತದೆ, ಯಾವಾಗ ಬೀಳುತ್ತದೆ, ಅದರಲ್ಲಿದ್ದವರು ಎಲ್ಲಿಗೆ ಹೋಗಬೇಕು ಎಂಬುದನ್ನು ಕಮಲಾಪುರದ ಓಣಿಯಲ್ಲಿ ಡಂಗುರ ಸಾರಿಸಿ ಹೇಳಿರಿ. ಕನ್ನಡವಾಗಲಿ, ಉರ್ದುವಾಗಲಿ, ನಡೆದೀತು. ಅಲ್ಲಿಯವರೆಗೆ ಗುದ್ದಲಿಯವರನ್ನು ಕಳಿಸಬೇಡಿರಿ. ಬಾಣಂತಿಯನ್ನು, ಕೂಸನ್ನು ನಮ್ಮ ಮನೆಗೆ ಕರೆತರೋಣವೆಂದು ಗಾಡಿ ಹೇಳಿಟ್ಟಿದ್ದೆ. ಈಗ ನಮ್ಮ ಗೋಡೆಯ ಮೇಲೂ ತಮ್ಮ ಗುರುತಿದೆ. ಗಾಡಿಯವನು ಬಾಗಿಲಲ್ಲಿ ಕೂತಿದ್ದಾನೆ. ಎಲ್ಲಿಗೆ ಹೊಡೆಯಲಿ ಎಂದು ಕೇಳುತ್ತಿದ್ದಾನೆ. ಏನು ಹೇಳಲಿ?

ಇಂತಿ,
ಈ ಹೊತ್ತಿನವರೆಗಂತೂ ಮನೆಯುಳ್ಳ
ಗುರುಲಿಂಗಪ್ಪ, ಕಲಬುರ್ಗಿ