ಮತ್ತೆ ಅರೆದ ಕಲ್ಲು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಕಲ್ಲುದೊರೆಗೆ,

ಹೇಗಿದ್ದೀಯ? ಕೋಪ ಇಳಿದಿದೆಯೋ, ಇನ್ನೂ ಮೂಗಿನ ತುದಿಯಲ್ಲೇ ಕೂತಿದೆಯೋ? ಕ್ಯಾಂಪಿಗೆ ಹೋದಾಗಿನಿಂದ ಹೆಂಡತಿ ಒಂದು ಸಾಲೂ ಬರೆದಿಲ್ಲ ಎಂದು ಬೈದುಕೊಂಡಿರುತ್ತೀಯ. ಕ್ಷಮಿಸು. ಬರೆದರೆ ಫಲಿತಾಂಶದ ಜೊತೆಗೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಅಲ್ಲಿ ಫೋನು ಸಿಗುವುದಿಲ್ಲವಲ್ಲ, ನಾಳೆ ಸಾಮಾನು ತರುವ ಜೀಪಿನವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಪುಟಕ್ಕೆ ಹಾರುತ್ತೀಯ. ನೀನು ಗೆದ್ದೆ. ನಿನ್ನ ಲಾವಾಕಲ್ಲು ಭೂಮಿಯ ಮೇಲ್ಪದರದ ಕೆಳಗಿನ ಮ್ಯಾಂಟಲ್‌ನಿಂದಲೇ ಬಂದದ್ದು. ನೆಲ ಸೀಳಿ ಎರಡು ಕಡೆಗೆ ಸರಿಯುತ್ತಿರುವ ಆ ಕಣಿವೆಯಡಿ ಆಳದ ಬಿಸಿ ಬಂಡೆ ಮೇಲೇರಿದೆ, ಒತ್ತಡ ಇಳಿದದ್ದಕ್ಕೇ ಕರಗಿದೆ, ದಾರಿಯಲ್ಲಿ ಮೇಲ್ಪದರದ ಬಂಡೆಯನ್ನು ಬೆರೆಸಿಕೊಳ್ಳದೆ ನೆಟ್ಟಗೆ ಹೊರಬಂದಿದೆ. ಮದುವೆಗೆ ಮುಂಚಿನಿಂದ ನೀನು ನನ್ನ ತಲೆ ತಿನ್ನುತ್ತಿರುವುದು ಇದನ್ನೇ ತಾನೆ?

ನಿನ್ನ ಪುಡಿಯಲ್ಲಿ ಅರೆದ ಗಿರಣಿಯ ಲೋಹವೇ ಬೆರೆತಿದೆ ಎಂದು ಸಮ್ಮೇಳನದಲ್ಲಿ ಆ ವಿಮರ್ಶಕ ಮಹಾಶಯ ಹೇಳಿದ್ದರಲ್ಲೂ ಅರ್ಧ ನಿಜವಿತ್ತು. ಆಗ ಕಾಲೇಜಿನಲ್ಲಿ ಇದ್ದದ್ದು ಒಂದೇ ಗಿರಣಿ, ಟಂಗ್‌ಸ್ಟನ್ ಕಾರ್ಬೈಡಿನದು. ನಮ್ಮ ಮದುವೆಯ ಮೊದಲ ವರ್ಷವೆಲ್ಲ ನಾನು ಅದರಲ್ಲಿ ನಿನ್ನ ಕಲ್ಲು ಅರೆದೆ. ತಲೆಗೂದಲೆಲ್ಲ ಬೂದಿಬಣ್ಣವಾಗಿ ನೀನು ನನ್ನನ್ನು ಅಜ್ಜಿ ಎಂದು ಕರೆಯತೊಡಗಿದೆ. ಗಿರಣಿ ಸವೆದು ತನ್ನಲ್ಲಿದ್ದ ಟ್ಯಾಂಟಲಮ್ ಎಂಬ ಲೋಹವನ್ನು ಪುಡಿಗೆ ಸೇರಿಸಿದೆ. ನೀನು ಮ್ಯಾಂಟಲ್‌ಗೆ ಸಾಕ್ಷಿಯೆಂದು ಮೆರೆಸಿದ ಟ್ಯಾಂಟಲಮ್‌ನಲ್ಲಿ ಒಂದು ಪಾಲು ಗಿರಣಿಯದು! ಅದಕ್ಕೇ ನಾನು "ಇನ್ನೊಂದ್ಸಲ ಅರೆದು ನೋಡೋಣ" ಎಂದದ್ದು. "ನಿಂಗೂ ನನ್ಮೇಲೆ ನಂಬಿಕೆ ಇಲ್ವಾ? ಇದು ಸುಳ್ಳಾದ್ರೆ ನಾನು ಕಲ್ಲು ಮುಟ್ಟೋದನ್ನೇ ಬಿಟ್ಬಿಡ್ತೀನಿ" ಎಂದು ನೀನು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ. ನಂಬಿಕೆ ಇಲ್ಲದವಳು ಈ ಸೊಂಟನೋವು ಇಟ್ಟುಕೊಂಡು ಅಟ್ಟ ಹತ್ತುತ್ತಿದ್ದಳೇ?

ಆಗ ಅರೆಯದೆ ಉಳಿದ ತುಂಡುಗಳು ಬಿಸ್ಕತ್ತಿನ ಡಬ್ಬಗಳಲ್ಲಿ ಸಿಕ್ಕವು. ಕಣಿವೆಯ ನಟ್ಟನಡುವೆ ಆರಿಸಿದ್ದ ಕಲ್ಲು ಮಾತ್ರ ಇಲ್ಲ. ಮನೆಯೆಲ್ಲ ಜಾಲಾಡಿದೆ. ಕೊನೆಗೆ ಮಗಳು, "ಇದಾ ನೋಡಮ್ಮ" ಎಂದು ಅಡುಗೆಮನೆ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕಲ್ಲನ್ನು ತಿರುಗಿಸಿದಳು. ಅಡಿಯಲ್ಲಿ ನಿನ್ನ ಕೈಬರಹದ ನಂಬರು!

"ಈಗ ಬಾಗ್ಲಿಗೆ ಏನಿಡೋದು?"

"ನಿಮ್ಮಪ್ಪ ಬರ್ಲಿ, ಅವರನ್ನೇ ಕೂರ್ಸು" ಎಂದೆ.

ಮೇಲಿನ ಸಿಪ್ಪೆಯನ್ನೆಲ್ಲ ಕೆತ್ತಿ ತೆಗೆದು, ಈ ಸಲ ಲೋಹವಿಲ್ಲದ ಅಗೇಟ್ ಕಲ್ಲಿನ ಒರಳಿನಲ್ಲಿ ಕೈಯಾರೆ ಅರೆದು ಲ್ಯಾಬಿಗೆ ಕೊಟ್ಟೆ. ಮಣಿಕಟ್ಟು ಊದಿಕೊಂಡಿದೆ. ಟ್ಯಾಂಟಲಮ್ ಇಳಿದಿದೆ, ಆದರೆ ಮೇಲ್ಪದರ ಬೆರೆತಿದ್ದರೆ ಇಳಿಯಬೇಕಾದಷ್ಟು ಇಳಿದಿಲ್ಲ. ನಿಯೋಬಿಯಮ್ ಹೆಚ್ಚುಕಮ್ಮಿ ಇದ್ದಲ್ಲೇ ಇದೆ, ನಿಯೋಡೈಮಿಯಮ್ ಐಸೋಟೋಪಿನ ಲೆಕ್ಕವಂತೂ ಕದಲಿಲ್ಲ; ಎಲ್ಲವೂ ಮ್ಯಾಂಟಲ್‌ನತ್ತಲೇ ಬೊಟ್ಟು ಮಾಡುತ್ತವೆ. ಅಂಕಿಗಳನ್ನು ಲ್ಯಾಬಿನಲ್ಲೇ ಎರಡೆರಡು ಸಲ ಓದಿದೆ. ಮನೆಗೆ ಬಂದು ಎಷ್ಟೋ ವಾರಗಳ ಮೇಲೆ ಹೊಟ್ಟೆತುಂಬ ಉಂಡೆ. ನಿನ್ನ ಕಲ್ಲು ಉಳಿಯಿತು ಎನ್ನುವುದಕ್ಕಿಂತ, ಕಲ್ಲಿಲ್ಲದ ನಿನ್ನ ಜೊತೆ ಬದುಕುವ ಕಷ್ಟ ತಪ್ಪಿತಲ್ಲ ಎಂದು ನನಗೆ ಸಂತೋಷ.

ಬಿಸಿಲಿಗೆ ಟೋಪಿ ಹಾಕಿಕೋ. ಸುತ್ತಿಗೆಯ ಏಟು ಕಲ್ಲಿಗೇ ಬೀಳಲಿ, ಬೆರಳಿಗೆ ಬೇಡ. ಹೋದಾಗ ಇದ್ದಷ್ಟೇ ಗಟ್ಟಿಮುಟ್ಟಾಗಿ ಮನೆಗೆ ಬಾ.

ನಿನ್ನ,
ಅಜ್ಜಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ಆಗಲಿಲ್ಲ. ವರದಿ ಕೊಡುವಾಗ ಲ್ಯಾಬಿನ ಮುಖ್ಯಸ್ಥರು ನಗುತ್ತಾ ಒಂದು ಮಾತು ಹೇಳಿದರು. ಸಮ್ಮೇಳನದಲ್ಲಿ ಆ ಮಹಾಶಯ ಗಿರಣಿಯ ವಿಷಯ ಎತ್ತಿದಾಗ ನೀನು ಎದ್ದು ನಿಂತು, "ಅದನ್ನ ಅರೆದದ್ದು ನಾನಲ್ಲ, ಯಾರೋ ಕೆಲಸದ ಹುಡುಗಿ" ಎಂದೆಯಂತೆ. ವರದಿ ಮಡಿಸಿ ಚೀಲಕ್ಕೆ ಹಾಕಿಕೊಂಡೆ ಕಣೋ. ಅವರಿಗೆ ಏನೂ ಗೊತ್ತಿಲ್ಲ, ಪಾಪ. "ಯಾರು ಮೇಡಂ ಆ ಹುಡುಗಿ? ಈಗ ಎಲ್ಲಿದಾಳೆ?" ಎಂದು ಕೇಳಿದರು. "ನಮ್ಮೋರು ಬರ್ಲಿ ಸರ್, ಅವರನ್ನೇ ಕೇಳಿ" ಎಂದಿದ್ದೇನೆ.