ಒಬ್ಬರೇ ಓದಬಹುದಾದ ಪುಸ್ತಕ

ಯಾಶ್, ರೊಮೇನಿಯಾ, ಮಾರ್ಚ್ 14, ಶನಿವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಪಾದೊವಾದ ಅಜ್ಜಿ ಮಧ್ಯಾಹ್ನವಾದರೂ ನಿನಗೆ ಕಣ್ಣು ಮುಚ್ಚಲು ಬಿಡುತ್ತಾರೆಯೇ? ಹೋದ ಬೇಸಿಗೆಯಲ್ಲಿ ನಿನ್ನ ಫೋನಿಗೆ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಆ್ಯಪ್ ಹಾಕಿಕೊಟ್ಟಿದ್ದೆನಲ್ಲ, ಒಂದಾದರೂ ರೊಮೇನಿಯನ್ ಕಾದಂಬರಿ ಓದಿದೆಯಾ? ಇಟಲಿಗೆ ಹೊರಡುವ ವ್ಯಾನಿನಲ್ಲಿ ಬದನೆಕಾಯಿ ಗೊಜ್ಜು ಕಳಿಸುತ್ತಿದ್ದೇನೆ, ಈ ಕಾಗದವೂ ಅದರ ಜೊತೆಗೇ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಈ ಮನೆಯ ಗೋಡೆ ತೆಳು, ಅತ್ತೆಯ ಕಿವಿ ಚುರುಕು.

ನಿನ್ನ ಅಳಿಯ ಕೊಸ್ತಿನ್ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ. ಮಗು ಸಂಡಾಳ ಉಸಿರಿನಲ್ಲಿ ಸಣ್ಣ ಸಿಳ್ಳೆಯಂಥ ಸದ್ದು. ಹೋದ ವಾರ ನಾನು ಗ್ರಂಥಾಲಯದ ಕೆಲಸಕ್ಕೆ ಹೋಗಿದ್ದಾಗ ಅವನೊಬ್ಬನೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಬಂದವನು ಜಾಕೆಟ್ಟು ತೂಗುಹಾಕುತ್ತಾ, ನನ್ನ ಮುಖ ನೋಡದೆ, "ಏನೂ ಇಲ್ವಂತೆ, ಗುಂಡ್ಕಲ್ಲಿನ ಹಾಗಿದ್ದಾಳಂತೆ" ಎಂದ. ಅತ್ತೆಯೋ ಕಿಟಕಿಗಳನ್ನೆಲ್ಲ ಭದ್ರಪಡಿಸಿ, "ಗಾಳಿ ಸೋಕಿರೋದು ಕಣಮ್ಮ, ನಿಮ್ಮ ಪುಸ್ತಕದಲ್ಲಿ ಅದೆಲ್ಲ ಬರ್ದಿರಲ್ಲ" ಎನ್ನುತ್ತಾರೆ. ನಾನು ಅಡುಗೆಮನೆಗೆ ಕಾಲಿಟ್ಟರೆ ತಾಯಿ ಮಗನ ಪಿಸುಮಾತು ನಿಂತುಹೋಗುತ್ತದೆ.

ಪುಸ್ತಕದಲ್ಲಿ ಏನು ಬರೆದಿದೆಯೆಂದು ನಾನೇ ನೋಡಿಬಿಡೋಣವೆಂದರೆ ಅದೂ ಆಗದು. ಬಾಣಂತಿ, ಶಿಶುಗಳ ಬಗ್ಗೆ ನಮ್ಮಲ್ಲಿರುವ ಒಳ್ಳೆಯ ಇ-ಪುಸ್ತಕ ಒಂದೇ. ಒಂದು ಸಲಕ್ಕೆ ಒಬ್ಬರೇ ಓದಬೇಕೆಂಬ ಕರಾರಿನ ಮೇಲೆ ಕೊಂಡದ್ದು. ನಾನು ಯಾವಾಗ ತೆರೆಯಹೋದರೂ "ಬೇರೆಯವರು ಓದುತ್ತಿದ್ದಾರೆ, ಕಾಯಿರಿ" ಎನ್ನುತ್ತದೆ. ಕಪಾಟಿನ ಪುಸ್ತಕವಾಗಿದ್ದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ. ಯಾರೋ ಪರೀಕ್ಷೆಗೆ ಓದುವ ವಿದ್ಯಾರ್ಥಿಯಿರಬೇಕೆಂದು ಇ-ಪುಸ್ತಕಗಳ ವಿಭಾಗದ ವಿಯೊರಿಕಾಳನ್ನು ಕೇಳಿದೆ. ಅವಳು ಪರದೆ ನೋಡಿ ನಕ್ಕಳು: "ಮಾರಾಯ್ತಿ, ಇದು ನಿನ್ನ ಹೆಸರಲ್ಲೇ ತೆರ್ದಿದೆ. ನಿನ್ನ ಮೇಲೆ ನೀನೇ ದೂರು ಕೊಡ್ತೀಯಾ?" ನನ್ನ ಪಾಸ್‌ವರ್ಡ್ ಗೊತ್ತಿರುವವನು ಕೊಸ್ತಿನ್ ಒಬ್ಬನೇ. ಕೇಳಿದರೆ, "ನಾನಾ? ಔಷಧಿ ಡಬ್ಬಿ ಮೇಲಿರೋದನ್ನೇ ನಾನು ಓದಲ್ಲ. ಮಲ್ಕೋ ಹೋಗು" ಎಂದ. ಏನೂ ಇಲ್ಲದಿದ್ದರೆ ಕದ್ದು ಓದುವುದೇಕೆ, ಹೇಳು. ಡಾಕ್ಟರು ಯಾವುದೋ ಕಾಯಿಲೆಯ ಹೆಸರು ಹೇಳಿದ್ದಾರೆ, ಅದನ್ನೇ ಅವನು ಅಲ್ಲಿ ಹುಡುಕುತ್ತಿದ್ದಾನೆ. ನಾನು ಮಗುವಿನ ಎದೆಗೆ ಕಿವಿಗೊಟ್ಟು ಕೂತಿರುತ್ತೇನೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ.

ನೀನು ಕಟ್ಟಿದ ಕೆಂಪು ದಾರ ನಿನ್ನ ಮೊಮ್ಮಗಳ ಮಣಿಕಟ್ಟಿನಲ್ಲಿ ಹಾಗೇ ಇದೆ. ಅವಳ ಪರವಾಗಿಯೂ ನಿನ್ನ ಕೈಗಳಿಗೆ ಮುತ್ತಿಡುವ,

ನಿನ್ನ ಇಲಿಂಕಾ

ತಾ.ಕ.: ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಮಡಿಸುವ ಮುನ್ನ ಇನ್ನೊಮ್ಮೆ ಪ್ರಯತ್ನಿಸಿದೆ, ಪುಸ್ತಕ ತೆರೆಯಿತು. ಗುರುತು ಹಾಕಿರುವುದು ಮಕ್ಕಳ ಕಾಯಿಲೆಯ ಪುಟಗಳಿಗಲ್ಲ. ಬಾಣಂತಿಯ ನಿದ್ರಾಹೀನತೆ, ಅಂಜಿಕೆ, ಎಲ್ಲರ ಮೇಲಿನ ಅನುಮಾನ, ಆ ಅಧ್ಯಾಯಕ್ಕೆ. ಪಕ್ಕದಲ್ಲಿ ಒಂದು ಟಿಪ್ಪಣಿ: "ಹುಡುಗಿ ಊಟ ಮಾಡ್ತಾಳಾ? ಕೊಸ್ತಿನ್‌ನ ಕೇಳ್ಬೇಕು." ಈ ಮನೆಯಲ್ಲಿ ನನ್ನನ್ನು ಹುಡುಗಿ ಎನ್ನುವವರು ಯಾರೂ ಇಲ್ಲ. ನಿನ್ನ ಫೋನಿಗೆ ಆ ಪಾಸ್‌ವರ್ಡ್ ಹಾಕಿದವಳು ನಾನೇ. ಇನ್ನು ಅವನನ್ನು ಕೇಳಬೇಡ ಅಮ್ಮಾ, ನನ್ನನ್ನೇ ಕೇಳು. ಇಲ್ಲ, ಊಟ ಸೇರುತ್ತಿಲ್ಲ. ವ್ಯಾನು ಬುಧವಾರ ಅಲ್ಲಿಂದ ಹಿಂತಿರುಗುತ್ತದೆ. ನಿನಗೊಂದು ಸೀಟು ಇಟ್ಟಿರಲು ಹೇಳುತ್ತಿದ್ದೇನೆ.