ಮೆಂತ್ಯದ ವಾಸನೆ

ಸೊಲ್ಲಾಪುರ
೩ ಡಿಸೆಂಬರ್ ೨೦೨೪

ಪುಣೆಯ ಪ್ರಯೋಗಶಾಲೆಯಲ್ಲಿ ಪೀಠಸ್ಥೆಯಾಗಿರುವ, ಜೀವರಸಾಯನ ಪಾರಂಗತೆಯಾದ, ನಮ್ಮ ಮನೆಯವರ ಬಾಯಲ್ಲಿ ಮಾತ್ರ ‘ಉಚ್ಚಿ ಡಾಕ್ಟರ್’ ಎಂದು ಪ್ರಸಿದ್ಧಳಾದ ಶುಭಾಂಗಿ ಅತ್ತೆಗೆ, ನಿನ್ನ ಅಣ್ಣನ ಮಗ ಯೋಗಿರಾಜನ ದಂಡವತ್ ಪ್ರಣಾಮಗಳು.

ಪತ್ರ ತಡವಾಯಿತು, ಕ್ಷಮಿಸು. ನಿನ್ನ ಕೂಡ ಫೋನಿನಲ್ಲಿ ಮಾತಾಡುವುದಿಲ್ಲ ಎಂದು ನಮ್ಮ ಮನೆಯ ಹಿರಿತಲೆ ಆಯಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಕಾಗದದ ಸುದ್ದಿ ಆ ಆಣೆಯಲ್ಲಿ ಬಂದಿಲ್ಲ; ಧರ್ಮಶಾಸ್ತ್ರದ ಈ ಸಂದು ಹೊಳೆಯಲು ಇಷ್ಟು ದಿನ ಬೇಕಾಯಿತು. ಮೇಲಾಗಿ ರಜೆಯಲ್ಲಿ ನೀನು ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಯಿಯ ಕಣ್ಣು ಮಂಜಾಗಿದೆ, ಉಳಿದವರಿಗೆ ಮರಾಠಿ ಬಿಟ್ಟು ಓದಲು ಬರದು. ಟವೆಲ್ ಅಂಗಡಿ ಸುಖವಾಗಿದೆ. ಅಪ್ಪನ ಸಕ್ಕರೆ ಏರಿದೆ. ನಿನ್ನ ಹೆಸರೆತ್ತಿದರೆ ಇನ್ನಷ್ಟು ಏರುತ್ತದೆ.

ಈಗ ನಿನ್ನ ಸಂಶೋಧನೆ ನಮ್ಮ ಮನೆಯಲ್ಲಿ ಮುಂದುವರಿದ ಬಗೆಯನ್ನು ನಿವೇದಿಸಿಕೊಳ್ಳುತ್ತೇನೆ.

ದೀಪಾಲಿ ಅಕ್ಕನನ್ನು ಅಕ್ಕಲಕೋಟದ ಸಿದ್ಧೇಶ್ವರ ಮಾಮಾನಿಗೆ, ಅಂದರೆ ಅವ್ವನ ಸ್ವಂತ ತಮ್ಮನಿಗೆ, ಕೊಡುವಾಗ ನೀನೊಬ್ಬಳೇ ಬೇಡವೆಂದಿದ್ದೆ. ರಕ್ತ ಒಂದೇ, ಮಕ್ಕಳಿಗೆ ಕೆಡುಕಾದೀತು ಎಂದಿದ್ದೆ. ಹೋದ ವರ್ಷ ಮೊದಲ ಗಂಡುಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅದರ ಬಟ್ಟೆಗೆ ಬೆಲ್ಲದ ಪಾಕದ ವಾಸನೆ ಇತ್ತೆಂದು ಅಕ್ಕ ಹೇಳಿದ್ದೇ ತಡ, ಇಡೀ ಆಯುಷ್ಯ ಅದೇ ರೋಗದ ಹಿಂದೆ ಬಿದ್ದ ನಿನಗೆ ತಿಳಿಯಿತು: ಹಾಲಿನಲ್ಲಿರುವ ಒಂದು ಅಂಶವನ್ನು ಅರಗಿಸಲಾರದ ಶರೀರ, ಅರಗದೆ ಉಳಿದದ್ದು ವಿಷವಾಗಿ ಮಿದುಳಿಗೆ ಏರುತ್ತದೆ. ಮನೆಯವರಿಗೂ ತಿಳಿಯಿತು: ನಿನ್ನ ಬಾಯಿ ಕೆಟ್ಟದ್ದು, ನೀನು ಅಂದದ್ದಕ್ಕೇ ಕೂಸು ಹೋಯಿತು.

ಈ ಸಲದ ಬಾಣಂತನ ನಮ್ಮಲ್ಲೇ ಆಯಿತು. ಹುಟ್ಟಿದ ಕೂಡಲೇ ಹಿಮ್ಮಡಿಯ ರಕ್ತ ಕಳಿಸಿ, ಉತ್ತರ ಬರುವ ತನಕ ಬಾಣಂತಿಗೆ ಮೆಂತ್ಯ ಕೊಡಬೇಡಿ, ತಾಯಿ ಮೆಂತ್ಯ ತಿಂದರೂ ಕೂಸಿನ ಉಚ್ಚೆಗೆ ಅದೇ ವಾಸನೆ ಬರುತ್ತದೆ, ರೋಗದ ಗುರುತು ಸಿಗುವುದಿಲ್ಲ ಎಂದು ನೀನು ಹೇಳಿ ಕಳಿಸಿದ್ದೆ. ಹೆಣ್ಣುಕೂಸು ಹುಟ್ಟಿತು. ನಿನ್ನನ್ನು ಹೆತ್ತ ಆಯಿ ಮೆಂತ್ಯದ ಉಂಡಿ ಕಟ್ಟುತ್ತ ತೀರ್ಪು ಕೊಟ್ಟಳು: “ತಾನಂತೂ ಹಡೀಲಿಲ್ಲ. ಹಡದಾಕಿ ಏನ್ ತಿನ್ನಬೇಕಂತ ನಮಗ ಕಲಸ್ತಾಳ. ಹಸಗೂಸಿಗಿ ಸೂಜಿ ಚುಚ್ಚೂದು ನಾ ಸತ್ತ ಮ್ಯಾಲ.”

ರಕ್ತ ನನ್ನ ಕೈಯಲ್ಲಿರಲಿಲ್ಲ. ಉಂಡಿಯ ಡಬ್ಬಿ ಇತ್ತು. ಮೆಂತ್ಯದವನ್ನು ತೆಗೆದು ಬರೀ ಅಂಟಿನ ಉಂಡಿ ತುಂಬಿದೆ. ಅಕ್ಕ ಒಂದು ಚೂರು ಕಡಿದಳು, ಕಹಿ ಇಲ್ಲ, ನನ್ನ ಮುಖ ನೋಡಿದಳು, ಪೂರ್ತಿ ತಿಂದಳು. ಎಸೆದರೆ ಸಿಕ್ಕಿಬೀಳುತ್ತೇನೆಂದು ಬಾಣಂತಿಯ ಪಥ್ಯವನ್ನು ನಾನೇ ನಿಷ್ಠೆಯಿಂದ ಪಾಲಿಸಿದೆ. ಇಷ್ಟಾದರೂ ಕೂಸಿನ ಬಟ್ಟೆಗೆ ಅದೇ ಪಾಕದ ವಾಸನೆ ಬಂತು. ಹೆಚ್ಚಾಯಿತು.

ಎಲ್ಲರೂ ಊಟಕ್ಕೆ ಕೂತಾಗ ಇದ್ದದ್ದನ್ನು ಹೇಳಿದೆ. ಅಕ್ಕ ಮೆಂತ್ಯ ಮುಟ್ಟಿಲ್ಲ, ಇದು ಅದೇ ರೋಗ, ಈಗಲೇ ದವಾಖಾನೆಗೆ ಒಯ್ಯೋಣ ಎಂದೆ. ನಾನು ಒಮ್ಮೆಯೂ ನಗಲಿಲ್ಲ. ಆಯಿ ಎದ್ದು ಬಂದು ನನ್ನ ಕೊರಳು ಮೂಸಿದಳು. ಉಂಡಿ ತಿಂದು ತಿಂದು ನನ್ನ ಬೆವರೂ ಪಾಕದ ವಾಸನೆ ಹೊಡೆಯುತ್ತಿತ್ತು.

“ನಾರಾಕತ್ತಿದ್ದು ಕೂಸಲ್ಲೋ ಭಾಡ್ಯಾ, ನೀನು. ದಿನಾ ಎತ್ಕೊಂಡ ಕೂಡ್ತಿ, ನಿಂದೇ ವಾಸನಿ ಅದಕ ಹತ್ಯದ.”

ಕೂಸು ನೋಡಲು ಬಂದಿದ್ದ ಮಾಮಾ ನಕ್ಕ. ಅಪ್ಪ ನಕ್ಕ. ಅವ್ವ ಕೂಡ ನಕ್ಕಳು, ಜೀವ ಹಗುರಾದವಳಂತೆ. ತಪ್ಪಿದ ಮೆಂತ್ಯವನ್ನು ತುಂಬಿಸಲು ಅಕ್ಕನಿಗೆ ಹೊತ್ತಿಗೆ ಎರಡೆರಡು ಉಂಡಿ ತಿನ್ನಿಸಿದರು. ಆಮೇಲೆ ವಾಸನೆಗೆ ಕಾರಣ ಕೇಳುವ ಪ್ರಮೇಯವೇ ಬರಲಿಲ್ಲ.

ಕೂಸು ಹಾಲು ಬಿಟ್ಟಿತು. ಬೆನ್ನು ಬಿಲ್ಲಿನಂತೆ ಸೆಟೆಯಿತು. ದೃಷ್ಟಿ ತೆಗೆದರು, ನಿನ್ನ ಹೆಸರು ಹೇಳಿ ತೆಗೆದರು. ಕೊನೆಗೆ ದವಾಖಾನೆಗೆ ಒಯ್ದಾಗ ಅಲ್ಲಿಯ ಡಾಕ್ಟರಬಾಯಿ ಬಟ್ಟೆ ಮೂಸಿ, ಏನೂ ಕೇಳದೆ ರಕ್ತ ತೆಗೆದು ಪುಣೆಗೆ ಕಳಿಸಿದಳು. ಶೀಶೆಯ ಮೇಲೆ ‘ದೀಪಾಲಿಯ ಮಗು’ ಎಂದಷ್ಟೇ ಬರೆದಿತ್ತು. ವರದಿ ನಮ್ಮ ಕೈಸೇರುವ ಮೊದಲೇ ಮಣ್ಣು ಕೊಟ್ಟು ಬಂದಿದ್ದೆವು.

ವರದಿಯ ಕೆಳಗೆ ನಿನ್ನ ಸಹಿ ಇದೆ, ಅತ್ತಿ. ಅಕ್ಷರ ಎಲ್ಲೂ ಅಳ್ಳಾಡಿಲ್ಲ. ಊರೂರಿನಿಂದ ಬರುವ ಶೀಶೆಗಳಲ್ಲಿ ಇದು ಯಾವ ದೀಪಾಲಿ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ದೀಪಾಲಿಯದೇ.

ಅಪ್ಪನಿಗೆ ಅದನ್ನು ಓದಿ ಹೇಳಿದೆ. ಆತ ಕೇಳಿ, “ಮೊದಲ ಬಾಯಿಲೆ ಅಂತಿದ್ಲು. ಈಗ ಬರದು ಕೊಲ್ಲಾಕತ್ಯಾಳ,” ಎಂದ.

ನಿನ್ನ ಆರೋಗ್ಯ ನೋಡಿಕೋ. ನಿನ್ನ ಕೈ ನನ್ನ ತಲೆಯ ಮೇಲಿರಲಿ. ಈ ಮನೆಯಲ್ಲಿ ಆ ಕೈಗೆ ಅಂಜದವನು ನಾನೊಬ್ಬನೇ ಉಳಿದಿದ್ದೇನೆ.

ನಿನ್ನ
ಯೋಗಿರಾಜ

ತಾ.ಕ.: ನಿನ್ನೆ ಅಕ್ಕಲಕೋಟದವರು ಬಂದಿದ್ದರು. ದೋಷ ಅಕ್ಕನ ಹೊಟ್ಟೆಯದೆಂದು ಹಿರಿಯರು ತೀರ್ಮಾನಿಸಿದರು. ಅಕ್ಕನಿಗೆ ಸೋಡಚಿಠ್ಠಿ, ಮದುವೆ ಮುರಿಯಿತು. ಸಂಬಂಧ ಮುರಿಯಬಾರದೆಂದು ಮಾಮಾನಿಗೆ ನಮ್ಮ ತಂಗಿ ಶೀತಲಳನ್ನು ಕೊಡುತ್ತಾರೆ. ನಿನ್ನಂತೆ ಆಗಬೇಕೆಂದು ಬಯೋಕೆಮಿಸ್ಟ್ರಿಗೆ ಸೇರಿದ ಹುಡುಗಿ; ನಿನ್ನಂತೆ ಆಗಿಬಿಟ್ಟಾಳು ಎಂದೇ ಆಯಿಗೆ ಅವಸರ. ಮದುವೆಯ ಸೀರೆ ಆರಿಸಲು ಅಕ್ಕನನ್ನೇ ಕೂರಿಸಿದರು. ಅವಳು ಒಂದೊಂದೇ ಬಿಚ್ಚಿ ನೋಡಿ, “ಹಸರು ಬ್ಯಾಡ್ರಿ, ಶೀತಲಗ ಒಪ್ಪಂಗಿಲ್ಲ,” ಎಂದಳು.